ಅಲಂಕಾರ: ಇಲ್ಲ

ನಮೂನೆಯಲ್ಲಿ ಹದಿನಾಲ್ಕು ಕಲಂ.
ಕಟ್ಟಡದ ವಯಸ್ಸು, ಮಹಡಿ ಎಷ್ಟು, ಗೋಡೆ ಯಾವುದರದ್ದು.
ಒಂಬತ್ತನೆಯದು ಅಲಂಕಾರ.
ನಾನು ಟೇಪಿನ ತುದಿ ಹಿಡಿಯುವವ, ಕಾರ್ಪೊರೇಷನ್ನಿನ ದಿನಗೂಲಿ.
ಓವರ್ಸಿಯರ್ ಮೇಡಂ ಕೇಳುತ್ತಾರೆ, ನಾನು ಕತ್ತೆತ್ತಿ ನೋಡಿ ಹೇಳುತ್ತೇನೆ.
ಹೂ ಇಲ್ಲ, ಬಳ್ಳಿ ಇಲ್ಲ, ಬಾಗಿಲ ನೆತ್ತಿಗೆ ಗಜಲಕ್ಷ್ಮಿ ಇಲ್ಲ.
ಕಂಬಕ್ಕೆ ಕಮಲ? ಕಂಬವೇ ಇಲ್ಲ.
‘ಇಲ್ಲ ಅಂತ ಬರ್ಕಳ್ರಿ’ ಅಂದೆ.
ಬರೆದುಕೊಂಡರು.

ದಾವಣಗೆರೆಯ ಹಳೇ ಪೇಟೆಗೆ ತಿರುಗುವಲ್ಲಿ
ಮುರಿಗೆಪ್ಪ ಸಾಹುಕಾರರ ಅರಳೆ ಆಫೀಸು.
ಮೂಲೆಗೆ ಮೂಲೆಯಾಗಲು ಬಿಡದೆ
ಗೋಡೆ ದುಂಡಗೆ ಹೊರಳಿ ಬೀದಿಯ ಜೊತೆಗೇ ನಡೆಯುತ್ತದೆ.
ಮೇಲೆ ಮೂರು ಗುಂಡು ಕಿಟಕಿ, ಚಪ್ಪಟೆ ತಾರಸಿ,
ಕೊಳವೆ ಬಗ್ಗಿಸಿದ ಕಟಕಟೆ.
ಊರು ಇಟ್ಟ ಹೆಸರು ಹಡಗಿನ ಮನೆ.
ಇಟ್ಟವರೊಬ್ಬರೂ ಸಮುದ್ರ ಕಂಡವರಲ್ಲ.

ಕಂಡಿದ್ದವರು ಸಾಹುಕಾರರು, ಒಂದೇ ಸಲ,
ಅಂಡಿಗೆಯ ದರ ಮಾತಾಡಲು ಬೊಂಬಾಯಿಗೆ ಹೋದಾಗ.
ಬರುವಾಗ ಕೊಟ್ರಬಸಯ್ಯನನ್ನು ಕರೆತಂದರು.
ಹರಿಹರದ ಹುಡುಗ, ಕೊರಳಲ್ಲಿ ಲಿಂಗ, ಕಂಕುಳಲ್ಲಿ ಟಿ-ಸ್ಕ್ವೇರು,
ಬಾಯಲ್ಲಿ ವೈಮಾರ್, ಡೆಸ್ಸಾವ್, ರಾಟರ್‌ಡ್ಯಾಮ್.
ಖಾನಾವಳಿಯವನು ಕೇಳಿದನಂತೆ,
‘ಯಾವ ಕಾಯಿಲೆಗೆ ಅಯ್ಯಾರೆ ಈ ಔಷಧಿ?’

‘ಇನ್ಮೇಲೆ ಗೋಡೆ ಭಾರ ಹೊರಬೇಕಿಲ್ಲ ಸಾಹುಕಾರರೆ,
ಕಬ್ಬಿಣ ಹೊರುತ್ತದೆ. ಗೋಡೆ ಬರೀ ಮರೆ, ಪರದೆಯ ಹಾಗೆ.’
ಪಕ್ಕದಲ್ಲೇ ಜಲ್ಲಿ ಬುಟ್ಟಿ ಹೊತ್ತು ನಿಂತಿದ್ದಳು ನಮ್ಮಜ್ಜಿ ಕೆಂಚವ್ವ.
ಮೊದಲ ಮಾತಷ್ಟೇ ಕಿವಿಗೆ ಬಿತ್ತು: ಭಾರ ಹೊರಬೇಕಿಲ್ಲ.
‘ಯಾರು ಅಂತ ಸರಿಯಾಗಿ ಹೇಳ್ಲೇ ಇಲ್ಲ ನೋಡು ಆ ಅಯ್ಯ’
ಅಂತ ಸಾಯುವತನಕ ನಗುತ್ತಿದ್ದಳು.

ತಾರಸಿ ಹಾಕಿದ್ದು ಒಂದೇ ಉಸಿರಿಗೆ.
ನಸುಕಿನಿಂದ ಪೆಟ್ರೋಮ್ಯಾಕ್ಸ್ ಹಚ್ಚುವತನಕ
ಬುಟ್ಟಿ ಕೈಯಿಂದ ಕೈಗೆ, ಕೈಯಿಂದ ತಲೆಗೆ, ಏಣಿಗೆ.
ನಡುವೆ ನಿಂತರೆ ಕಾಂಕ್ರೀಟು ಬಿರಿಯುತ್ತದೆ ಎಂದು
ಮಂಡಕ್ಕಿಯನ್ನೂ ನಡೆಯುತ್ತಲೇ ಮುಕ್ಕಿದರು.
ಪಕ್ಕದ ಜಿನ್ನಿನಿಂದ ಅರಳೆ ಹಾರಿ ಬಂದು
ಹಸಿ ಕಾಂಕ್ರೀಟಿನ ಮೇಲೆ ಕೂತಿತು.
ಪೀರಾಸಾಬ್ ಮೇಸ್ತ್ರಿ ಹೆಕ್ಕಲು ಬಗ್ಗಿದ.
‘ಇರಲಿ ಬಿಡು’ ಅಂದ ಕೊಟ್ರಬಸಯ್ಯ,
ಗೆರೆ ಕೂದಲೆಳೆ ತಪ್ಪಿದರೂ ಕೆಡವಿಸುತ್ತಿದ್ದವನು.

ಬೀದಿಯ ಮೇಲಕ್ಕೆ ಆರಡಿ ನಾಲ್ಕಂಗುಲ ಚಾಚಿದ ಬಾಲ್ಕನಿ.
ಕೆಳಗೆ ಒಂದು ಕಂಬವಿಲ್ಲ.
ಇಪ್ಪತ್ತೊಂದನೇ ದಿನ ಸೆಂಟ್ರಿಂಗ್ ಬಿಚ್ಚಿದರು.
ಜನ ಆಚೆ ಬದಿಯಿಂದ ಹಾದುಹೋದರು.
ಎತ್ತಿನ ಗಾಡಿಗಳೂ ಸುತ್ತು ಹೊಡೆದವು.
ಸಾಹುಕಾರರ ತಾಯಿ ‘ಎರಡು ಕಂಬಾನಾದ್ರೂ ಕೊಡಪ್ಪ’ ಎಂದು ಅತ್ತರು.
ಕೊಟ್ರಬಸಯ್ಯ ಎದುರಿನ ಕಟ್ಟೆಯ ಮೇಲೆ
ಉಗುರು ಕಚ್ಚುತ್ತ ಕೂತ.

ಆಗ ಕೆಂಚವ್ವ ಹೋಗಿ ಅದರಡಿ ಕಾಲು ಚಾಚಿದಳು,
ಜೋಳಿಗೆಯಿಂದ ನಮ್ಮಪ್ಪನನ್ನು ತೆಗೆದು ಮೊಲೆಗೆ ಹಾಕಿಕೊಂಡಳು.
‘ಎಂಥ ಧೈರ್ಯ ಅಜ್ಜಿ ನಿಂದು’ ಎಂದು ನಾನು ಕೇಳಿದ್ದೆ.
‘ಧೈರ್ಯ ಎಲ್ಲೀದೋ. ಬಿಸಿಲು.’

ಆಮೇಲೆ ಅಂಥದ್ದು ಯಾರೂ ಕಟ್ಟಿಸಲಿಲ್ಲ.
ಪ್ಯಾರಪೆಟ್ಟಿಗೆ ಸಿಂಹ ಕೇಳಿದರು, ಇಸವಿ ಬರೆದ ಕಮಾನು ಕೇಳಿದರು.
ಕೊಟ್ರಬಸಯ್ಯ ಚಿತ್ರದುರ್ಗದ ಶಾಲೆಯೊಂದರಲ್ಲಿ
ಡ್ರಾಯಿಂಗ್ ಮೇಷ್ಟ್ರಾಗಿ ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಸಿದ.

ಹನ್ನೊಂದನೇ ಕಲಂ: ವಾಸ್ತುಶಿಲ್ಪಿ.
ಹೆಸರು ಹೇಳಿದೆ.
‘ದಾಖಲೆ ಇದೆಯಾ?’
ಮುರಿದ ಅಂಚಿಗೆ ಕೈಯಿಟ್ಟೆ.
ಅರಳೆ ಕೂತಿದ್ದ ಕಡೆ ಸಣ್ಣ ಸಣ್ಣ ಗುಳಿ,
ಒಂದರಲ್ಲಿ ಬೂದಿ ಬಣ್ಣದ ಎಳೆ,
ಅಥವಾ ಜೇಡರ ಬಲೆ.
ಏನೂ ಹೇಳಲಿಲ್ಲ.

ಮೇಡಂ ‘ತಿಳಿದಿಲ್ಲ’ ಎಂದು ಬರೆಯುತ್ತ
ಒಂದೊಂದೇ ಹೆಜ್ಜೆ ಹಿಂದೆ ಸರಿದು,
ಮಿರ್ಚಿ ಗಾಡಿ, ಬಸ್ಸಿಗೆ ಕಾದವರು, ಮಲಗಿದ ನಾಯಿಯ ನಡುವೆ
ಬಾಲ್ಕನಿಯ ಕೆಳಗೆ ಬಂದು ನಿಂತರು. ಬೆವರು ಒರೆಸಿಕೊಂಡರು.
ನಾನು ಟೇಪು ಬಿಟ್ಟೆ.
ಸರ್ರನೆ ಸುತ್ತಿಕೊಂಡಿತು.